ಎರಡು ಮಣ್ಣು, ಒಂದು ಪೈನ್ ಟೊಂಗೆ

ಮಕ್ಕಳೇ, ಬೇಸಿಗೆ ಸೂಟಿಗೆ ನೀವು ಗದಗಿನಿಂದ ಯಾವಾಗಲೂ ಮೊದಲು ನನ್ನ ಮನೆಗೇ ಬರುವವರು. ಹೋದ ವರ್ಷ ಮಾತ್ರ ಮೊದಲು ನರಗುಂದಕ್ಕೆ ಹೋಗಬೇಕಾಯಿತು. ಯಾಕೆಂದು ನೀವು ಕೇಳಿದಾಗ ನಾಚಿಕೊಂಡು ಅಡುಗೆಮನೆ ಸೇರಿದ್ದೆ. ಈಗ ಬರೆಯುತ್ತೇನೆ.

ನರಗುಂದದ ಅಜ್ಜಿ, ಅಂದರೆ ನಿಮ್ಮ ತಾಯಿಯ ತಾಯಿ, ನನ್ನ ಬೀಗತಿ. ಅವರ ಅಂಗಳದಲ್ಲಿ ಎದೆಯೆತ್ತರದ ಪೈನ್ ಗಿಡವಿದೆ. ಅದರ ಹಿಂದಿನ ದಸರೆಗೆ ಅಲ್ಲಿಗೆ ಹೋದಾಗ, ಒಂದು ಟೊಂಗೆ ಕೇಳುವ ಧೈರ್ಯವಿಲ್ಲದೆ ನಾನು ಅದರ ಸುತ್ತಲೇ ಸುಳಿದಾಡುತ್ತಿದ್ದೆ. ಅವರೇ ಮೂರು ಎಳೆ ಟೊಂಗೆ ಕತ್ತರಿಸಿ ಕೊಟ್ಟರು. ಜೊತೆಗೆ ಒಂದು ಚೀಲ ಕಪ್ಪು ಎರೆಮಣ್ಣು.

"ನಮ್ಮ ಎರಿ ಮಣ್ಣಾಗ ಹಚ್ಚರಿ ಅಕ್ಕಾರ. ನಿಮ್ಮ ಗಜೇಂದ್ರಗಡದ ಕೆಂಪ ಮಣ್ಣಾಗ ಬರೇ ಕಲ್ಲ ಬೆಳಿತಾವ."

ನಿಮ್ಮ ಅಜ್ಜ ಇದ್ದಾಗ ಬೀಗರ ಜೊತೆ ಮಾತೆಲ್ಲ ಅವರದೇ. ಅವತ್ತು ನನಗೆ ಅದೆಲ್ಲಿಂದ ಬಾಯಿ ಬಂತೋ!

"ನೋಡೂಣ್ರಿ. ಯಾರ ಮಣ್ಣಾಗ ಬೇರ ಬಿಡತೈತಿ, ಮಕ್ಕಳು ಸೂಟ್ಯಾಗ ಮೊದಲ ಅವರ ಮನಿಗೆ."

"ಖರೇ?"

"ಖರೇನ್ರಿ."

ಮನೆಗೆ ಬಂದು ಹಿತ್ತಲಿನ ಬೇವಿನ ನೆರಳಲ್ಲಿ ತಳಕ್ಕೆ ತೂತು ಹಾಕಿದ ಮೂರು ಡಬ್ಬಿ ಇಟ್ಟೆ. ಒಂದಕ್ಕೆ ಎರೆಮಣ್ಣು, ಒಂದಕ್ಕೆ ನಮ್ಮ ಕೆಂಪು ಮಣ್ಣು, ಇನ್ನೊಂದಕ್ಕೆ ಯಾರ ಪರವೂ ಅಲ್ಲದ ಹಳ್ಳದ ಮರಳು. ಕೆಂಪು ಡಬ್ಬಿಗೆ ದಿನಕ್ಕೆರಡು ಸಲ ನೀರು. ಮರಳಿಗೆ ನೆನಪಾದಾಗ. ಕರಿ ಡಬ್ಬಿಗೆ, ಸುಳ್ಳೇಕೆ ಹೇಳಲಿ, ಕೈ ತೊಳೆದು ಬರುವಾಗ ನಾಲ್ಕು ಹನಿ ಕೊಡವುತ್ತಿದ್ದೆ.

ದಸರೆ ಮುಗಿದ ಮೇಲೆ ಹಚ್ಚಿದ್ದು. ಶಿವರಾತ್ರಿ ಹೊತ್ತಿಗೆ ಮರಳಿನ ಟೊಂಗೆ ಕಸಬರಿಗೆ ಕಡ್ಡಿಯಾಗಿತ್ತು. ಕೆಂಪು ಡಬ್ಬಿಯದು ಬುಡ ಕೊಳೆತು ಕೈಗೇ ಬಂತು. ಎರೆಮಣ್ಣಿನದು ಹಸಿರಾಗಿ ನಿಂತಿತ್ತು. ಚಮಚದಿಂದ ಕೆದಕಿದರೆ ಶಾವಿಗೆಯಂಥ ಬಿಳಿ ಬೇರು!

ಕೆಂಪು ಡಬ್ಬಿ ಪಕ್ಕದಲ್ಲೇ ಇತ್ತು. ಇದನ್ನು ಕಿತ್ತು ಅದರಲ್ಲಿ ನೆಟ್ಟರೆ ಯಾರಿಗೆ ಗೊತ್ತಾಗುತ್ತದೆ? ಚಮಚ ಬುಡಕ್ಕೆ ಹಾಕಿ ಎತ್ತಿಯೂ ಬಿಟ್ಟೆ. ಒಂದು ಬೇರು ಪಟ್ಟನೆ ಹರಿಯಿತು. ಅದನ್ನು ಅಲ್ಲೇ ಇಳಿಸಿ, ಮಣ್ಣು ಮುಚ್ಚಿ, ನರಗುಂದಕ್ಕೆ ಫೋನು ಮಾಡಿದೆ. ನೀವು ಗೆದ್ದಿರಿ ಎಂದೆ. ನೀರು ಹಾಕಿದ ರೀತಿಯನ್ನೂ ಹೇಳಿದೆ.

ಬೀಗತಿ ಕೆಮ್ಮು ಬರುವಷ್ಟು ನಕ್ಕರು. "ಮುದ್ದು ಮಾಡಿದ್ದನ್ನ ಮುಳುಗಿಸಿಬಿಟ್ರಿ, ಸಿಟ್ಟು ಮಾಡಿದ್ದನ್ನ ಬದುಕಿಸಿದ್ರಿ! ಇರ್ಲಿ, ಮಕ್ಕಳು ಮೊದಲ ನಮ್ಮಲ್ಲಿ."

ಹದಿನೈದು ದಿನ ನನ್ನ ಮನೆ ಭಣಭಣ. ಆಮೇಲೆ ನೀವು ಬಂದಿರಿ. ನಿಮ್ಮ ಹೋಳಿಗೆಗೆ ತುಪ್ಪ ಹಾಕುವಾಗಲೇ ನರಗುಂದದ ಫೋನು. "ಅಕ್ಕಾರ, ಕೆಂಪ ಡಬ್ಬಿ ನೆನಪೈತಿಲ್ರಿ? ತುಪ್ಪ ಸಾವಕಾಶ!"

ನೆನಪಿತ್ತು. ಆದರೂ ಸುರಿದೆ.