ಯುದ್ಧ ನಿಂತಿತೆಂದು ನಾನು ಓದಿದ ಬೆಳಿಗ್ಗೆ

ಇವತ್ತಿನ ಪೇಪರು ಓದಿ ಮುಗಿಸಿದೆ. ಎರಡು ಕಡೆ ಯುದ್ಧ, ಒಂದು ಕಡೆ ಕದನವಿರಾಮದ ಮಾತು, ಒಳಪುಟದಲ್ಲಿ ಮಡಚುವ ಮೊಬೈಲಿನ ಜಾಹೀರಾತು. ಮಡಚೋದಕ್ಕೆ ಮನೆಯಲ್ಲಿ ಚಾಪೆ ಇದೆ, ಕೌದಿ ಇದೆ, ಫೋನನ್ನೂ ಯಾಕೆ ಮಡಚಬೇಕೋ ನನಗಂತೂ ತಿಳಿಯದು. ಇದನ್ನು ಜೋರಾಗಿಯೇ ಹೇಳಿದೆ. ಪಡಸಾಲೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಅತ್ತೆ ತೀರಿಕೊಂಡು ವರ್ಷವಾಗುತ್ತ ಬಂತು, ನನ್ನ ಬಾಯಿಗೆ ಮಾತ್ರ ಇನ್ನೂ ಅದು ಗೊತ್ತಾಗಿಲ್ಲ.

ನಮ್ಮದು ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರದ ಮನೆ. ಗಂಡ ಅಂಗಡಿಗೆ ಹೋದ ಮೇಲೆ ಅತ್ತೆ, ನಾನು ಇಬ್ಬರೇ. ಅವರು ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತ ಕೂರುತ್ತಿದ್ದರು, ನಾನು ಪೇಪರು ಓದಿ ಹೇಳುತ್ತಿದ್ದೆ. ಅವರಿಗೆ ಓದು ಬರುತ್ತಿರಲಿಲ್ಲ. ಹಾಗಂತ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ.

ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದರೆ ನನಗೆ ರಕ್ತ ಕುದಿಯುತ್ತಿತ್ತು. ಗಡಿಯಾಚೆಯವರಿಗೆ ಒಂದು ಸಲ ಸರಿಯಾಗಿ ಬುದ್ಧಿ ಕಲಿಸಬೇಕು ಎಂದೆ.

"ಕಲಿಸಾಕ ಹೋಗಾವ್ರು ಯಾರು, ನಿನ್ನ ಮಗನೇನು?" ಎಂದರು ಅತ್ತೆ, ತಲೆ ಎತ್ತದೆ.

ಇನ್ನೊಂದು ದಿನ ಡ್ರೋನಿನ ಸುದ್ದಿ ಓದುತ್ತಿದ್ದೆ.

"ಮ್ಯಾಲಿಂದ ಬಾಂಬ್ ಹಾಕಾವ್ರಿಗೆ ಕೆಳಗಿನವ್ರ ಮಾರಿ ಕಾಣತೈತೇನು?"

"ಕಾಣತೈತ್ರಿ. ಅದರಾಗ ಕ್ಯಾಮೆರಾ ಇರತೈತಿ."

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. "ಕಂಡೂ ಹಾಕತಾರೇನು?"

ನಾನು ಓದಿದ ಎಷ್ಟೋ ಸಂಪಾದಕೀಯಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಸಿಕ್ಕಿಲ್ಲ.

ಫೋನಿನ ವಿಷಯದಲ್ಲೂ ಅಷ್ಟೇ. ಏನು ಕೇಳಿದರೂ ಉತ್ತರ ಹೇಳುವ ಹೊಸ ಸೌಲಭ್ಯ ಬಂದಿದೆ ಎಂದು ನಾನು ಕೊಚ್ಚಿಕೊಂಡಾಗ, "ಹಂಗಾದ್ರ ಈ ಮೊರದಾಗ ಕಲ್ಲ ಎಷ್ಟದಾವ ಕೇಳು" ಎಂದು ಮೊರ ಮುಂದೆ ತಳ್ಳಿದರು. ಕೇಳಿದೆ. ಅದು ಕಲ್ಲುಗಳ ವಿಧಗಳ ಬಗ್ಗೆ ಉದ್ದಕ್ಕೆ ಭಾಷಣ ಬಿಗಿಯಿತು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಗೊತ್ತಿಲ್ಲ ಅನ್ನಾಕ ಬರೂದಿಲ್ಲ ಇದಕ್ಕ" ಎಂದು ತೀರ್ಪು ಕೊಟ್ಟು ಮೊರ ಎಳೆದುಕೊಂಡರು.

ಹೀಗಿದ್ದಾಗ ಒಂದು ದಿನ ಪೇಪರಿನಲ್ಲಿ ಫೋಟೋ ಬಂತು. ದೂರದ ದೇಶ, ಬಿದ್ದ ಮನೆ, ಆ ಗೋಡೆಯದೇ ಕಲ್ಲು ಮೂರು ಜೋಡಿಸಿ ಒಲೆ ಮಾಡಿಕೊಂಡು ಒಬ್ಬ ಹೆಂಗಸು ಕೂತಿದ್ದಳು. "ರೊಟ್ಟಿ ಬಡಿಯಾಕತ್ತಾಳೇನು?" ಎಂದು ಕೇಳಿದರು. ಹೌದೆಂದೆ. ಬಹಳ ಹೊತ್ತು ಫೋಟೋ ನೋಡಿದರು. ಮರುದಿನ ಬೆಳಿಗ್ಗೆ ನಾನು ಚಹಾ ತಂದಿಟ್ಟರೆ ಬಸಿಯನ್ನು ಪಕ್ಕಕ್ಕೆ ಸರಿಸಿದರು. "ಆ ಯುದ್ಧ ನಿಲ್ಲೂತನಕ ಚಹಾ ಬಿಟ್ಟೇನಿ. ಸೋಮೇಶ್ವರಗ ಹೇಳೇನಿ."

ನಮ್ಮ ಕಡೆ ಹೆಂಗಸರು ಹೀಗೆ ಹರಕೆ ಹೊತ್ತು ಇಷ್ಟದ್ದೊಂದನ್ನು ಬಿಡುವುದು ಹೊಸದಲ್ಲ. ಮಗನ ಜ್ವರ ಇಳಿಯಲೆಂದು ಸಿಹಿ ಬಿಡುತ್ತಾರೆ, ಮಗಳಿಗೆ ನೆಂಟಸ್ತನ ಕೂಡಲೆಂದು ಮೊಸರು ಬಿಡುತ್ತಾರೆ. ಹೆಸರು ಹೇಳಲೂ ನಾಲಗೆ ಹೊರಳದ ದೇಶಕ್ಕಾಗಿ ಚಹಾ ಬಿಟ್ಟವರನ್ನು ನಾನು ಅದೇ ಮೊದಲು ನೋಡಿದ್ದು. ನಕ್ಕುಬಿಟ್ಟೆ. ನಗಬಾರದಿತ್ತು.

ಚಹಾ ಎಂದರೆ ಅತ್ತೆಗೆ ಜೀವ. ಬಿಟ್ಟ ಮೂರನೆಯ ದಿನಕ್ಕೆ ತಲೆನೋವು ಶುರುವಾಯಿತು. ತಲೆಗೆ ಬಟ್ಟೆ ಬಿಗಿದುಕೊಂಡು ಕೂತು, ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ನಿಂತೈತೇನು?" ನಾನು ಇಲ್ಲರೀ ಎನ್ನುವುದು. ಒಂದು ತಿಂಗಳು ಕಳೆಯಿತು, ಎರಡಾಯಿತು. ದೊಡ್ಡ ದೊಡ್ಡವರು ಕೋಟು ಹಾಕಿಕೊಂಡು ಕೈಕುಲುಕುವ ಫೋಟೋ ಬರುತ್ತಿತ್ತು, ಯುದ್ಧ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರಿಗೆ ಮೊರ ಎತ್ತಲೂ ತ್ರಾಣವಿರಲಿಲ್ಲ. ನನಗೆ ನೋಡಲಾಗಲಿಲ್ಲ.

"ನಿಂತೈತ್ರಿ. ನಿನ್ನೆ ನಿಂತೈತಿ," ಎಂದೆ.

"ಖರೇನು?"

"ಖರೇನ್ರಿ. ಇಲ್ಲೇ ಬರದಾರ ನೋಡ್ರಿ."

ನನ್ನ ಬೆರಳು ಇದ್ದದ್ದು ಸಿಮೆಂಟಿನ ಜಾಹೀರಾತಿನ ಮೇಲೆ.

ಎರಡು ಬಸಿ ಚಹಾ ಕುಡಿದರು. ಅವರ ಮುಖ ನೋಡಿ ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಹರಕೆ ತೀರಿತೆಂದು ಕಾಯಿ ತೆಗೆದುಕೊಂಡು ಸೋಮೇಶ್ವರನ ಗುಡಿಗೆ ಹೊರಟೇಬಿಡುತ್ತಾರೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಗುಡಿಯಲ್ಲಿ ನಮ್ಮ ಓಣಿಯ ಹೆಂಗಸೊಬ್ಬಳು, ಯಾತರ ಕಾಯಿ ಅತ್ತೀ ಎಂದು ಕೇಳಿದಳಂತೆ. ಇವರು ಖುಷಿಯಿಂದ ಹೇಳಿದ್ದಾರೆ. ಅವಳು ಫೋನು ತೆಗೆದು ಆ ಯುದ್ಧದ ಅಂದಿನ ವಿಡಿಯೋ ತೋರಿಸಿದ್ದಾಳೆ.

ಮನೆಗೆ ಬಂದವರು ಒಡೆದ ಕಾಯಿಯನ್ನು ದೇವರ ಮುಂದೆ ಇಟ್ಟು, "ಹೊಗಿ ಇನ್ನೂ ಹಂಗ ಏಳಾಕತ್ತೈತಿ" ಎಂದರು. ಅಷ್ಟೇ.

"ನಿಮ್ಮ ತಲಿಬ್ಯಾನಿ ನೋಡಾಕ ಆಗಲಿಲ್ರಿ ಅತ್ತೀ."

"ತಲಿ ನಂದು ಇತ್ತವಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಚಹಾ ಮುಟ್ಟಲಿಲ್ಲ. ಅದಕ್ಕಾದರೂ ಹೊಂದಿಕೊಂಡೆ. ತಡೆಯಲಾಗದ್ದು ಬೇರೆಯೇ ಇತ್ತು. ಹಾಲು ಕಾಸೇನ್ರಿ ಎಂದರೆ ಎದ್ದು ಹೋಗಿ ಮುಚ್ಚಳ ತೆಗೆದು ನೋಡುವರು. ಹಿತ್ತಲ ಬಾಗಿಲು ಹಾಕೇನ್ರಿ ಎಂದರೆ ಹೋಗಿ ಚಿಲಕ ಮುಟ್ಟಿ ಬರುವರು. ನಾನು ಓದಿ ಹೇಳಿದ ಸುದ್ದಿಯನ್ನೇ ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡನ ಹತ್ತಿರ ಮತ್ತೊಮ್ಮೆ ಕೇಳುವರು. ಹಠಕ್ಕೆ ಮಾಡುತ್ತಿರಲಿಲ್ಲ ಪಾಪ, ನನ್ನ ಮಾತಿನ ಮೇಲೆ ಭಾರ ಹಾಕಲು ಅವರಿಗೆ ಆಗುತ್ತಿರಲಿಲ್ಲ. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ದೇಶ ಆಳುವವರು ಬೆನ್ನ ಹಿಂದೆ ಬಾವುಟ ನಿಲ್ಲಿಸಿಕೊಂಡು ದಿನಕ್ಕೆ ಹತ್ತು ಸುಳ್ಳು ಹೇಳುತ್ತಾರೆ, ಅವರ ಮುಚ್ಚಳ ಯಾರೂ ತೆಗೆದು ನೋಡುವುದಿಲ್ಲ. ನಾನು ಹೇಳಿದ್ದು ಒಂದು. ಆದರೆ ಆ ದೊಡ್ಡವರ ಸುಳ್ಳಿನಿಂದ ಯಾರ ಹರಕೆಯೂ ಮುರಿದಿರಲಿಕ್ಕಿಲ್ಲ, ನನ್ನಿಂದ ಮುರಿಯಿತು.

ಮುಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಗದಗಿಗೆ ಕರೆದೊಯ್ದು ಆಪರೇಷನ್ ಮಾಡಿಸಿ ತಂದೆವು, ಓಡಾಟ ನಿಂತೇ ಹೋಯಿತು. ನಾನು ಹೇಳಿದ್ದಕ್ಕೆಲ್ಲ ಮಲಗಿದಲ್ಲೇ ಹೂಂ ಎನ್ನತೊಡಗಿದರು. ನಂಬಿ ಹೂಂ ಎನ್ನುತ್ತಾರೋ, ಏಳಲಾಗದ್ದಕ್ಕೆ ಹೂಂ ಎನ್ನುತ್ತಾರೋ ತಿಳಿಯದೆ ನನಗೆ ಸಂಕಟವಾಗುತ್ತಿತ್ತು. ಅದಕ್ಕೇ ನಾನೇ ಎಲ್ಲ ಒಯ್ದು ತೋರಿಸತೊಡಗಿದೆ. ಹಾಲಿನ ಪಾತ್ರೆ ಮಂಚದ ಹತ್ತಿರ ತಂದು ಮುಚ್ಚಳ ತೆಗೆಯುತ್ತಿದ್ದೆ, ಬೀಗ ಹಾಕಿದ್ದಕ್ಕೆ ಕೀಲಿ ತೋರಿಸುತ್ತಿದ್ದೆ, ಪೇಪರಿನ ಫೋಟೋಗಳನ್ನು ಕಣ್ಣ ಹತ್ತಿರ ಹಿಡಿಯುತ್ತಿದ್ದೆ. ಅವರು ಒಂದೊಂದನ್ನೂ ನೋಡಿ ತಲೆಯಾಡಿಸುತ್ತಿದ್ದರು.

ಆ ಚಳಿಗಾಲದಲ್ಲಿ ಒಂದು ದಿನ ನಾನು ಪೇಪರು ಬಿಚ್ಚುವ ಮೊದಲೇ ಶಿಗ್ಲಿ ದಾರಿಯ ನಮ್ಮ ಹೊಲದಲ್ಲಿ ಜೋಳದ ಕಾಳಿಗೆ ಹಾಲು ತುಂಬಿತೇ ಎಂದು ಕೇಳಿದರು.

"ಜ್ವಾಳಾ ಹಾಲಗಾಳ ಆಗ್ಯಾವೇನು?"

"ಆಗ್ಯಾವ್ರಿ, ನಿನ್ನೆ ಹೋಗಿದ್ದೆ. ತಡೀರಿ, ಒಂದ ತೆನಿ ತಂದೇನಿ, ತೋರಸ್ತೇನಿ," ಎಂದು ಎದ್ದೆ.

ಸೆರಗು ಹಿಡಿದು ಎಳೆದರು. "ಕುಂಡ್ರು. ನೀ ನೋಡಿಯಲ್ಲ? ಸಾಕು."

ತೆನೆ ಅಡಿಗೆಮನೆಯ ಕಟ್ಟೆಯ ಮೇಲೇ ಉಳಿಯಿತು. ಪೇಪರು ಬಿಚ್ಚಿ ಓದತೊಡಗಿದೆ. ಆ ದೇಶದಲ್ಲಿ ಹಿಂದಿನ ದಿನ ಮತ್ತೆ ಬಾಂಬು ಬಿದ್ದಿತ್ತು. ಒಂದಕ್ಷರ ಬಿಡದೆ ಅದನ್ನೂ ಓದಿದೆ.