ಶುದ್ಧ ಭಾಷೆ ಮತ್ತು ಮಂಗಳವಾರದ ಪಾಳಿ

ಗಜೇಂದ್ರಗಡದ ಕಾಲೇಜೊಂದರಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ. ಮನೆ ರೋಣದಲ್ಲಿ. ಪ್ರೋಗ್ರಾಂ ಬರೆಯಲು ಪಠ್ಯದಲ್ಲಿ ಇರುವ ಭಾಷೆ ಜಾವಾ. ನನ್ನ ಮನಸ್ಸಿನಲ್ಲಿ ಇದ್ದದ್ದು ಅಂಥದೇ ಇನ್ನೊಂದು ಭಾಷೆ, ಸ್ಮಾಲ್‌ಟಾಕ್. ಜಾವಾದಲ್ಲಿ ಬಹುತೇಕ ಎಲ್ಲವೂ ಆಬ್ಜೆಕ್ಟ್, ಅಂದರೆ ತನ್ನ ಮಾಹಿತಿಯನ್ನೂ ತನ್ನ ಕೆಲಸವನ್ನೂ ತಾನೇ ಹೊತ್ತುಕೊಂಡ ವಸ್ತು. ಆದರೆ ಸಾದಾ ಅಂಕಿಗಳು ಮಾತ್ರ ಅಲ್ಲ. ವೇಗಕ್ಕಾಗಿ ಅವನ್ನು ಹೊರಗಿಟ್ಟಿದ್ದಾರೆ. ಸ್ಮಾಲ್‌ಟಾಕ್‌ನಲ್ಲಿ ಅಂಥ ರಾಜಿ ಇಲ್ಲ. ಅಲ್ಲಿ ಮೂರು ಎಂಬ ಅಂಕಿಯೂ ಆಬ್ಜೆಕ್ಟೇ. ನಾಲ್ಕನ್ನು ಕೂಡಿಸಿಕೋ ಎಂದು ಅದಕ್ಕೆ ಸಂದೇಶ ಕಳಿಸಿದರೆ ಅದೇ ಏಳನ್ನು ಮರಳಿಸುತ್ತದೆ. ಈ ಶುದ್ಧಿಯ ಮೇಲೆ ನನಗೆ ಭಕ್ತಿಯೇ ಇತ್ತು.

ನನ್ನ ಮಾತನ್ನು ಕೇಳಿ ಸಂತೋಷಪಟ್ಟವರು ಒಬ್ಬರೇ: ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು. ಜಕ್ಕಲಿ ಊರಿನವರು. ನಿವೃತ್ತರಾದ ಮೇಲೆ ಅವರ ಕಿಡ್ನಿಗಳು ಕೆಟ್ಟವು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶನಿವಾರ, ನರಗುಂದದ ಒಂದು ಸಣ್ಣ ಕೇಂದ್ರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಶನಿವಾರ ನಾನು ರೋಣದಲ್ಲಿ ಅವರ ಜೊತೆ ಬಸ್ಸು ಹತ್ತುತ್ತಿದ್ದೆ.

"ಮೂರಕ್ಕ ಹೇಳಿದ್ರ ಅದ ಕೂಡಿಸ್ಕೊಂತೈತೇನೋ? ಭಾಳ ಚಲೋ ಐತಿ ಬಿಡು," ಎಂದು ಕಿಟಕಿಯ ಆಚೆ ಎರೆಹೊಲ ನೋಡುತ್ತ ನಗುತ್ತಿದ್ದರು.

ಕೇಂದ್ರದಲ್ಲಿ ನಾಲ್ಕು ಯಂತ್ರಗಳಿದ್ದವು. ಯಾರಿಗೆ ಯಾವ ದಿನ, ಯಾವ ಯಂತ್ರ ಎಂಬುದನ್ನು ಅಲ್ಲಿನ ಸಿಸ್ಟರ್ ಒಂದು ಉದ್ದ ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು, ಅಳಿಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ನಾನು ಕಂಪ್ಯೂಟರ್ ಮಾಸ್ತರ ಎಂದು ತಿಳಿದ ದಿನವೇ ಕೇಳಿದರು: "ಸರ್, ಇದಕ್ಕೊಂದು ಪ್ರೋಗ್ರಾಂ ಮಾಡಿಕೊಡ್ರಿ. ಹೆಸರು, ದಿನ, ಯಂತ್ರ. ಇಷ್ಟ ಸಾಕ್ರಿ."

ಒಪ್ಪಿಕೊಂಡೆ. ಸ್ಮಾಲ್‌ಟಾಕ್‌ನಲ್ಲೇ ಬರೆಯುತ್ತೇನೆಂದು ನಿಶ್ಚಯಿಸಿದೆ. ರೋಗಿ ಒಂದು ಆಬ್ಜೆಕ್ಟ್, ಯಂತ್ರ ಒಂದು, ಪಾಳಿ ಒಂದು, ಪಾಳಿಯ ಆರಂಭದ ಗಳಿಗೆಯೂ ಒಂದು. ಯಾವುದೂ ಇನ್ನೊಂದರ ಒಳಗೆ ಕೈಹಾಕಕೂಡದು. ಅಂದವಾಗಿ ಬೆಳೆಯುತ್ತ ಹೋಯಿತು. ಆದರೆ ಕೇಂದ್ರದ ಹಳೆಯ ಪ್ರಿಂಟರ್ ಅದರ ಮಾತು ಕೇಳಲಿಲ್ಲ. ಹೊರಗಿನ ಸಿದ್ಧ ಕೋಡ್ ತಂದು ಅಂಟಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಅಂಟಿಸಲಿಲ್ಲ. ಮೈಲಿಗೆ ಅನ್ನಿಸಿತು. ಪ್ರಿಂಟರನ್ನೂ ಶುದ್ಧ ಆಬ್ಜೆಕ್ಟ್ ಮಾಡಲು ಕುಳಿತೆ. ಏಳು ತಿಂಗಳಾದವು.

"ಯಾವಾಗ್ರಿ ಸರ್?" ಎಂದು ಸಿಸ್ಟರ್ ಕೇಳುತ್ತಿದ್ದರು. "ಆಗ್ತದ್ರಿ," ಎನ್ನುತ್ತಿದ್ದೆ.

ಒಂದು ಮಂಗಳವಾರ ಮಾಸ್ತರರು ಹೋದಾಗ ಅವರ ಪಾಳಿಯಲ್ಲಿ ಬೇರೆಯವರು ಮಲಗಿದ್ದರು. ಬುಕ್ಕಿನಲ್ಲಿ ಅಳಿಸಿ ಬರೆದ ಒಂದೇ ಸಾಲಿನಲ್ಲಿ ಎರಡು ಹೆಸರು ಕುಳಿತಿದ್ದವು. ಸಿಸ್ಟರ್ ಕೈಮುಗಿದು, "ನಾಳೆ ಬರ್ರಿ ಸರ್, ಹ್ಯಾಂಗರ ಮಾಡಿ ಹೊಂದಿಸ್ತೀನ್ರಿ," ಎಂದರಂತೆ. ಮಾಸ್ತರರು ತಕರಾರು ಮಾಡುವವರಲ್ಲ. ಬಸ್ಸು ಹತ್ತಿ ಊರಿಗೆ ಮರಳಿದರು. ಮರುದಿನ ಬೆಳಿಗ್ಗೆ ಮೈಯಲ್ಲಿ ನೀರು ತುಂಬಿ, ಉಸಿರು ಸಿಕ್ಕಿಕೊಂಡು ಅವರನ್ನು ಗದಗಿನ ದೊಡ್ಡ ದವಾಖಾನೆಗೆ ಸಾಗಿಸಬೇಕಾಯಿತು.

ಐದು ದಿನ ಅಲ್ಲಿದ್ದರು. ಮೂರನೆಯ ದಿನ ನಾನು ಹೋದೆ. ಮುಖ ಬಾತಿತ್ತು, ಮೂಗಿಗೆ ನಳಿಕೆ ಇತ್ತು. ಮಂಚದ ಪಕ್ಕ ನಿಂತೆ. ಅವರೇ ಕೇಳಿದರು: "ನಿನ್ನ ಪ್ರೋಗ್ರಾಂ ಎಲ್ಲಿಗಿ ಬಂತಪಾ?"

"ಪ್ರಿಂಟರ್ ಒಂದ ಉಳದೈತ್ರಿ ಸರ್."

ಅವರು ಕಣ್ಣು ಮುಚ್ಚಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. "ಆ ಸಿಸ್ಟರ್‌ಗೆ ಏನೂ ಅನಬ್ಯಾಡ. ಆಕೀ ಒಬ್ಬಾಕಿ ಎಷ್ಟಂತ ಬರೀಬೇಕು," ಎಂದರು. ಸಿಸ್ಟರನ್ನು ಬೈಯುವ ಯೋಚನೆ ನನಗಿರಲಿಲ್ಲ. ತಪ್ಪು ಯಾರದೆಂದು ಆ ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು.

ಹಿಂದಿರುಗಿದವನೇ ಜಾವಾದಲ್ಲಿ ಬರೆದೆ. ಎಂಟು ದಿನ. ಕೆಲವು ಕಡೆ ಆಬ್ಜೆಕ್ಟ್, ಕೆಲವು ಕಡೆ ಬರೀ ಅಂಕಿ, ಪ್ರಿಂಟರಿಗೆ ಹೊರಗಿನ ಸಿದ್ಧ ಕೋಡ್. ಹೆಸರುಗಳಿಗೆ, ಪ್ರೋಗ್ರಾಮಿನ ಯಾವ ಭಾಗವಾದರೂ ಕೈಹಾಕಿ ತಿದ್ದಬಹುದಾದ, ನಡುಮನೆಯಲ್ಲಿಟ್ಟಂಥ ಒಂದು ಪಟ್ಟಿ. ವಿದ್ಯಾರ್ಥಿಯೊಬ್ಬ ಹೀಗೆ ಬರೆದು ತಂದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಒಂಬತ್ತನೆಯ ದಿನ ಪ್ರಿಂಟರಿನಿಂದ ಆ ವಾರದ ಪಾಳಿಯ ಹಾಳೆ ಹೊರಬಂತು. ಸಿಸ್ಟರ್ ಅದನ್ನು ಗೋಡೆಗೆ ಹಚ್ಚಿ, ದೂರ ಸರಿದು ನಿಂತು ಓದಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಐದನೆಯ ಯಂತ್ರ ಬಂದಾಗ ಕೋಡಿನಲ್ಲಿ ಒಂದು ಕಡೆ ನಾಲ್ಕನ್ನು ಐದು ಮಾಡಿ, ಇನ್ನೊಂದು ಕಡೆ ಮರೆತೆ. ಒಂದೇ ಪಾಳಿಗೆ ಮತ್ತೆ ಎರಡು ಹೆಸರು ಬಂದವು. ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಸಿಸ್ಟರ್ ಬುಕ್ಕು ಬರೆಯುವುದನ್ನು ಬಿಟ್ಟಿರಲಿಲ್ಲ. "ನಿಮ್ಮ ಮ್ಯಾಲ ನಂಬಿಕಿ ಇಲ್ಲಂತಲ್ರಿ ಸರ್," ಎಂದರು, ನನ್ನ ಮುಖ ನೋಡದೆ.

ನಡುಮನೆಯ ಪಟ್ಟಿಯನ್ನು ಆ ದಿನವೇ ತೆಗೆದುಹಾಕಿದೆ. ಪಾಳಿಯೊಂದನ್ನು ಮಾತ್ರ ನಿಜವಾದ ಆಬ್ಜೆಕ್ಟ್ ಮಾಡಿದೆ: ಅದರೊಳಗಿನ ಹೆಸರನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಎರಡನೆಯ ಹೆಸರು ಬಂದರೆ ಅದೇ ಒಲ್ಲೆ ಎನ್ನುತ್ತದೆ. ಉಳಿದದ್ದು ಹೇಗಿತ್ತೋ ಹಾಗೆ ಬಿಟ್ಟೆ. ಎಲ್ಲಿ ಕಟ್ಟುನಿಟ್ಟು ಬೇಕು, ಎಲ್ಲಿ ಸಡಿಲ ಬಿಡಬಹುದು ಎಂಬುದನ್ನು ಯಾವ ಭಾಷೆಯೂ ನನಗೆ ಹೇಳಿರಲಿಲ್ಲ. ಕಲಿಯಲು ಒಬ್ಬರ ಉಸಿರು ಸಿಕ್ಕಿಕೊಳ್ಳಬೇಕಾಯಿತು.

ಮಾಸ್ತರರು ಮತ್ತೆ ಒಂದೂವರೆ ವರ್ಷ ಕೇಂದ್ರಕ್ಕೆ ಹೋಗಿಬಂದರು. ಪಾಳಿ ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಹೃದಯ ನಿಂತಿತು, ಮನೆಯಲ್ಲೇ, ಊಟಕ್ಕೆ ಕುಳಿತಾಗ.

ಮಣ್ಣು ಮಾಡಿ ಬಂದ ಮರುದಿನ ಸಿಸ್ಟರ್ ಫೋನು ಮಾಡಿದರು. "ಸರ್, ಅವರ ಹೆಸರು ಹ್ಯಾಂಗ ತಗೀಬೇಕ್ರಿ? ಎಲ್ಲಿ ಒತ್ತಿದ್ರೂ ಹೋಗವಲ್ದು."

ಹೋಗುವುದು ಹೇಗೆ? ಹೆಸರು ಸೇರಿಸುವುದನ್ನು ಬರೆದಿದ್ದೆ, ದಿನ ಬದಲಿಸುವುದನ್ನು ಬರೆದಿದ್ದೆ. ತೆಗೆಯುವುದನ್ನು ಬರೆದೇ ಇರಲಿಲ್ಲ. ನನಗದು ಹೊಳೆದೇ ಇರಲಿಲ್ಲ.

ನರಗುಂದಕ್ಕೆ ಹೋದೆ. ಐದಾರು ಸಾಲು ಬರೆದೆ. ಅವರ ಹೆಸರಿನ ಮುಂದಿನ ಗುಂಡಿ ಒತ್ತುವುದು ನನ್ನಿಂದಾಗಲಿಲ್ಲ, ಸಿಸ್ಟರ್ ಒತ್ತಿದರು. ಆಮೇಲೆ ಪಾಳಿಯೊಂದು ಖಾಲಿಯಾಗಲೆಂದು ಕಾಯುತ್ತ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ, ಅಸೂಟಿಯಿಂದ ಬಂದ ಹೆಣ್ಣುಮಗಳೊಬ್ಬರನ್ನು ಕರೆದು, "ಅಕ್ಕಾರ, ಮಂಗಳವಾರ ಬರ್ರಿ," ಎಂದರು.