ಲಾರಿ ಬಾಗಿಲ ಸ್ವಿಚ್ಚು, ಗಂಡನ ಹೊಟ್ಟೆಕಿಚ್ಚು

ಸಂಕಗಿರಿ ಕೋಟೆಯ ಬಂಡೆಗಳಿಗೆ ಆಗಷ್ಟೇ ಬೆಳಕು ಹತ್ತುತ್ತಿದೆ. ಕೆಳಗೆ ಲಾರಿ ಶೆಡ್ಡುಗಳ ಬೀದಿಯಲ್ಲಿ ಇನ್ನೂ ಸುತ್ತಿಗೆ ಸದ್ದು ಎದ್ದಿಲ್ಲ. ಹತ್ತು ಚಕ್ರದ ಲಾರಿಯೊಂದರ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ. ಚಾಲಕನ ಕಡೆಯ ಬಾಗಿಲಿನ ಒಳಹಲಗೆ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ. ಸ್ವಿಚ್ಚಿನ ಬೆನ್ನಿನಿಂದ ಇಳಿದ ವೈರುಗಳಿಗೆ ಒಂದೊಂದಾಗಿ ಟೆಸ್ಟ್ ಬಲ್ಬಿನ ಸೂಜಿ ತಾಗಿಸಿ ನೋಡುತ್ತಿದ್ದಾರೆ. ಮೂರನೆಯ ವೈರಿಗೆ ಬಲ್ಬು ಹೊತ್ತಿಕೊಳ್ಳುತ್ತದೆ.

‘ಇದು ಕರೆಂಟು ಕೊಡೋ ಸ್ವಿಚ್ಚು, ತಮ್ಮಾ’ ಎನ್ನುತ್ತಾರೆ ತವಮಣಿ, ನನ್ನ ಕಡೆ ತಿರುಗದೆ. ‘ಹೊಸ ಲಾಕಿನ ಡಬ್ಬಿಗೆ ಬೇಕಾಗಿರೋದು ಅರ್ತು. ನೇರ ಸೇರಿಸಿದ್ರೆ ಸುಟ್ಟೋಗುತ್ತೆ. ಇಬ್ಬರ ಮಧ್ಯ ಒಬ್ಬ ದಲ್ಲಾಳಿ ಬೇಕು.’ ಅರ್ತು ಎಂದರೆ ಅರ್ಥಿಂಗ್, ದಲ್ಲಾಳಿ ಎಂದರೆ ರಿಲೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಆ ಕರಿ ರಿಲೇಗಳು ಅವರ ಅಂಗಿಯ ಜೇಬಿನಲ್ಲಿ ಗಲಗಲ ಎನ್ನುತ್ತವೆ.

ಲಾರಿ ಕಂಪನಿಯಿಂದ ಬರುವಾಗ ಬಾಗಿಲಲ್ಲಿ ಲಾಕಿನ ಸ್ವಿಚ್ಚು ಇರುತ್ತದೆ. ಕೆಲವು ವರ್ಷಕ್ಕೆ ಒಳಗಿನ ಮೋಟಾರು ಕೈಕೊಡುತ್ತದೆ. ಮಾಲೀಕರು ಅಂಗಡಿಯ ಲಾಕ್ ಸೆಟ್ಟು ತಂದು ಹಾಕಿಸುತ್ತಾರೆ. ಅದರ ಸ್ವಿಚ್ಚನ್ನು ಸ್ಟಿಯರಿಂಗ್ ಕೆಳಗೆಲ್ಲೋ ತೂತು ಕೊರೆದು ಸಿಕ್ಕಿಸುವುದು ಬೀದಿಯ ವಾಡಿಕೆ. ಚಾಲಕನ ಕೈ ಮಾತ್ರ ಅಭ್ಯಾಸಬಲದಿಂದ ಬಾಗಿಲ ಹಳೆಯ ಜಾಗಕ್ಕೇ ಹೋಗುತ್ತದೆ. ಆ ಹಳೆಯ ಸ್ವಿಚ್ಚಿಗೆ ಹೊಸ ಲಾಕಿನ ಜೀವ ಕೊಡುವುದು ತವಮಣಿಯ ಕೆಲಸ. ದಿನಕ್ಕೆ ಎರಡು ಲಾರಿ, ಆಯುಧಪೂಜೆ ಹತ್ತಿರ ಬಂದರೆ ಮೂರು.

ಇದು ಸೊಗಸಿನ ಮಾತಲ್ಲ. ಲಾರಿಗಳಲ್ಲಿ ಈಗ ಕ್ಲೀನರುಗಳಿಲ್ಲ, ಚಾಲಕ ಒಂಟಿ. ಏರು ರಸ್ತೆಯಲ್ಲಿ ಲಾರಿ ನಡಿಗೆಯ ವೇಗಕ್ಕೆ ಇಳಿದಾಗ ಎಡಬಾಗಿಲು ತೆರೆದು ಒಬ್ಬ ಒಳಗೆ ಹತ್ತಿದ್ದನ್ನು, ಅವನ ಕೈಯಲ್ಲಿ ಚಾಕು ಇದ್ದುದನ್ನು ಅಂಗಪ್ಪನ್ ಎಂಬ ಚಾಲಕ ಇವತ್ತಿಗೂ ಎದೆ ಹಿಡಿದುಕೊಂಡು ಹೇಳುತ್ತಾನೆ. ಸೀಟಿನಿಂದ ಎಡಬಾಗಿಲಿಗೆ ಕೈ ಎಟಕುವುದಿಲ್ಲ. ಬೆರಳ ಬಳಿಯ ಸ್ವಿಚ್ಚೊಂದೇ ಅವನಿಗಿರುವ ಕಾವಲು.

ಶೆಡ್ಡಿನ ಮೇಲೆ ‘ಚೆನ್ನಿಮಲೈ ಆಟೊ ಎಲೆಕ್ಟ್ರಿಕಲ್ಸ್’ ಎಂದು ಬರೆದಿದೆ. ಚೆನ್ನಿಮಲೈ ತವಮಣಿಯ ಗಂಡ, ಒಂದು ಕಾಲಕ್ಕೆ ಬೀದಿಯಲ್ಲೇ ಹೆಸರುವಾಸಿ ಮಿಸ್ತ್ರಿ. ಸಕ್ಕರೆ ಕಾಯಿಲೆ ಬಂದು ಬೆರಳ ತುದಿಗಳು ಮರಗಟ್ಟಿದವು. ಹಿಡಿದ ವೈರು ಜಾರಿಬಿದ್ದರೂ ತಿಳಿಯದಂತಾಯಿತು. ಆಗ ತವಮಣಿ ಪಳ್ಳಿಪಾಳಯದ ಪವರ್‌ಲೂಮಿನಲ್ಲಿ ಕಡಿದ ನೂಲಿಗೆ ಗಂಟು ಹಾಕುತ್ತಿದ್ದರು. ಮಗ್ಗ ಬಿಟ್ಟು ಬಂದು ಗಂಡನ ಕೈಯಾದರು. ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ಇವರು ಮಾಡುವುದು. ‘ಸಾವಿರ ಎಳೆ ಮಧ್ಯ ಕಡಿದದ್ದು ಯಾವುದು ಅಂತ ಹುಡುಕ್ತಿದ್ದೋಳಿಗೆ ಎಂಟು ವೈರು ಯಾವ ಲೆಕ್ಕ?’ ಎನ್ನುತ್ತಾರೆ.

ಹೇಳುವವರನ್ನು ಮಾಡುವವರು ದಾಟಿ ಹೋದದ್ದು ಯಾವಾಗ ಎಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಆದರೆ ಚಾಲಕರು ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿ ‘ಅಕ್ಕ ಇದ್ದಾರಾ?’ ಎಂದು ಕೇಳತೊಡಗಿದ್ದು ಚೆನ್ನಿಮಲೈಗೆ ಚೆನ್ನಾಗಿ ನೆನಪಿದೆ. ‘ಅಕ್ಕ ಇಲ್ಲ, ನಾನಿದೀನಲ್ಲ, ಏನು?’ ಎಂದರೆ ‘ಇರಲಿ ಬಿಡಿಣ್ಣ, ಟೀ ಕುಡ್ಕೊಂಡು ಬರ್ತೀನಿ’ ಎಂದು ಜಾರಿಕೊಳ್ಳುತ್ತಿದ್ದರಂತೆ.

ಹೊಟ್ಟೆಕಿಚ್ಚು ಮೊದಲು ಬೇರೆ ವೇಷದಲ್ಲಿ ಬಂತು. ಹೆಂಡತಿ ಕ್ಯಾಬಿನ್ ಒಳಗಿದ್ದಷ್ಟು ಹೊತ್ತೂ ಚೆನ್ನಿಮಲೈ ಸ್ಟೂಲು ತಂದು ಲಾರಿಯ ಮುಂದೆ ಕೂರತೊಡಗಿದರು. ಚಾಲಕರು ನಾಸಿಕ್‌ನಿಂದ ಈರುಳ್ಳಿ ಚೀಲ ತಂದುಕೊಟ್ಟರೆ, ಆ ಈರುಳ್ಳಿ ಬಿದ್ದ ಸಾಂಬಾರನ್ನು ಮುಟ್ಟುತ್ತಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುವ ಟಿಂಕರ್ ಕೆಲಸದವರು ಅವರನ್ನು ರೇಗಿಸಲು ಬೇಕೆಂದೇ ಈರುಳ್ಳಿಯ ಬೆಲೆ ಕೇಳುತ್ತಿದ್ದರು. ತವಮಣಿಯನ್ನು ಈ ಬಗ್ಗೆ ಕೇಳಿದರೆ ನಗುತ್ತಾರೆ: ‘ಡ್ರೈವರುಗಳ ಮೇಲೆ ಅಲ್ಲ ತಮ್ಮಾ ಇವರಿಗೆ ಸಿಟ್ಟು. ನನ್ನ ಬೆರಳಿನ ಮೇಲೆ. ಅದನ್ನ ಬಾಯಿಬಿಟ್ಟು ಹೇಳೋಕಾಗುತ್ತಾ? ಅದಕ್ಕೇ ಈರುಳ್ಳಿ ಮೇಲೆ ಹಾಕ್ತಿದ್ರು.’

ಹಾಗಂತ ತಾವು ದೊಡ್ಡವರು ಎಂದೇನೂ ಅವರು ಹೇಳಿಕೊಳ್ಳುವುದಿಲ್ಲ. ಲಾರಿ ಮಾಲೀಕರ ಸಂಘದವರು ಒಮ್ಮೆ ಚೆನ್ನಿಮಲೈಗೆ ಶಾಲು ಹೊದಿಸಿದರು. ತವಮಣಿ ಹೆಂಗಸರ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ‘ಚಪ್ಪಾಳೆ ತಟ್ಟೋವಾಗ ಅಂಗೈ ಉರೀತಿತ್ತು. ಮನೆಗೆ ಬಂದು ಆ ಶಾಲನ್ನ ನಾನೇ ಮಡಚಿಟ್ಟೆ. ಬೀರುವಿನಲ್ಲಿ ಕೆಳಗಡೆ, ಎಲ್ಲಾದರ ಅಡಿಗೆ.’

ಈ ಎರಡು ಕಿಚ್ಚುಗಳ ನಡುವೆ ಹೋದ ಬೇಸಿಗೆಯ ಚಿತ್ತಿರೈ ತಿಂಗಳಲ್ಲಿ ಅಂಗಪ್ಪನ್ ಲಾರಿ ತಂದ. ರಜೆಯೆಂದು ಆರು ವರ್ಷದ ಮಗಳು ಇನಿಯಾಳನ್ನೂ ಜೊತೆಗೆ ಕರೆತಂದಿದ್ದ. ಮಗು ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಿ ನಿದ್ದೆಹೋಗಿತ್ತು. ತವಮಣಿ ಈರೋಡಿಗೆ ಸಾಮಾನು ತರಲು ಹೋಗಿದ್ದರು. ‘ಅಕ್ಕ ಬರಲಿ’ ಎಂದು ಅಂಗಪ್ಪನ್ ಹೇಳಿದ್ದೇ ತಪ್ಪಾಯಿತು. ‘ನಿನ್ನ ಅಕ್ಕನಿಗೆ ಕಲಿಸಿದವನು ಯಾರು?’ ಎಂದು ಚೆನ್ನಿಮಲೈ ಟೆಸ್ಟ್ ಬಲ್ಬು ಕೈಗೆತ್ತಿಕೊಂಡರು. ಬೆರಳಿಗೆ ವೈರು ತಿಳಿಯಲಿಲ್ಲ. ರಿಲೇ ಇಡುವಷ್ಟು ತಾಳ್ಮೆಯೂ ಇರಲಿಲ್ಲ. ಸ್ವಿಚ್ಚಿನ ವೈರನ್ನು ನೇರ ಡಬ್ಬಿಗೆ ಸೇರಿಸಿ, ಒಳಹಲಗೆ ಕೂರಿಸಿ, ಬಾಗಿಲು ಮುಚ್ಚಿ ಕೆಳಗಿಳಿದರು.

ಡಬ್ಬಿ ಒಳಗೇ ಕೆಟ್ಟು ಅಂಟಿಕೊಂಡಿತು. ಎರಡೂ ಬಾಗಿಲು ಒಟ್ಟಿಗೆ ಟಪ್ಪೆಂದು ಬಿಗಿದುಕೊಂಡವು. ಬೀಗದ ಕೈ ಒಳಗೆ. ಧೂಳಿಗೆಂದು ಗಾಜುಗಳನ್ನು ಏರಿಸಿಟ್ಟಿದ್ದರು. ಮೇಲೆ ಉರಿಬಿಸಿಲು. ಮಗು ಎಚ್ಚೆತ್ತು, ಗಾಜಿಗೆ ಮುಖ ಒತ್ತಿ ಅಳತೊಡಗಿತು. ಒಳಗಿನ ಲಾಕಿನ ಗುಬುಟನ್ನು ಯಾರು ಎಳೆದರೂ ಏಳದಂತೆ ಮೋಟಾರು ಒತ್ತಿ ಹಿಡಿದಿತ್ತು. ಚೆನ್ನಿಮಲೈ ಸುತ್ತಿಗೆ ಎತ್ತಿದರು. ಮಗು ಗಾಜು ಬಿಟ್ಟು ಸರಿಯದು. ಒಡೆದರೆ ಚೂರೆಲ್ಲ ಮುಖಕ್ಕೇ. ಅಂಗಪ್ಪನ್ ಅವರ ರಟ್ಟೆ ಹಿಡಿದುಕೊಂಡ. ಬಸ್ಸಿಳಿದು ಬಂದ ತವಮಣಿ ಕಂಡದ್ದು ಇದನ್ನು.

ಅವರು ಬಾಗಿಲ ಹತ್ತಿರವೇ ಹೋಗಲಿಲ್ಲ. ಲಾರಿಯ ಪಕ್ಕದಲ್ಲಿರುವ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಕಿತ್ತು, ಸ್ಪಾನರ್ ಹಾಕಿ ತಂತಿ ಕಳಚಿದರು. ಕರೆಂಟು ಹೋದ ಮೇಲೆ ಮೋಟಾರಿಗೆ ಹಿಡಿಯುವ ಬಲವೆಲ್ಲಿ? ಆಮೇಲೆ ಮೆಟ್ಟಿಲು ಹತ್ತಿ, ಗಾಜಿನ ಈಚೆಯಿಂದ ಮಗುವಿನೊಡನೆ ಮಾತಾಡಿದರು.

‘ಕಣ್ಣು ಒರೆಸ್ಕೊ ಚಿನ್ನಾ. ಕಿಟಕಿ ಹತ್ರ ಕರೀ ಗುಬುಟು ಇದೆ ನೋಡು. ಕೊತ್ತಂಬರಿ ಕೀಳ್ತೀವಲ್ಲ, ಹಾಗೆ ಮೇಲಕ್ಕೆ ಎಳಿ.’

ಗುಬುಟು ಮೇಲೆದ್ದಿತು. ಬಾಗಿಲು ತೆರೆದಾಗ ಮಗು ಬಿದ್ದದ್ದು ಅಪ್ಪನ ತೋಳಿಗಲ್ಲ, ತವಮಣಿಯ ಖಾಕಿ ಅಂಗಿಗೆ.

ಬೀದಿಯೆಲ್ಲ ಸೇರಿತ್ತು. ಯಾರು ಮಾಡಿದ್ದು ಎಂದು ಟಿಂಕರ್ ಕೆಲಸದವರು ಕೇಳಿದರು. ತವಮಣಿ ಡಬ್ಬಿಯೇ ಸರಿ ಇರಲಿಲ್ಲ ಎಂದರು. ಚೆನ್ನಿಮಲೈ ಅಡ್ಡಬಂದರು. ‘ಡಬ್ಬಿ ಸರಿಯಾಗೇ ಇತ್ತು. ಕೆಡಿಸಿದ್ದು ನಾನು’ ಎಂದು ಎಲ್ಲರೆದುರು ಹೇಳಿ, ಸುತ್ತಿಗೆ ಕೆಳಗಿಟ್ಟು ಮನೆಗೆ ನಡೆದರು. ಅವತ್ತು ಊಟ ಮಾಡಲಿಲ್ಲ. ಮರುದಿನ ಶೆಡ್ಡಿಗೂ ಬರಲಿಲ್ಲ. ಅದರ ಮರುದಿನ ಬಂದು, ರಿಲೇಗಳ ಕಾಲಿಗೆ ಬೆಸುಗೆ ಹಾಕಲು ಕಡ್ಡಿ ಕಾಯಿಸಿಟ್ಟು, ಯಾರೂ ಕೇಳದೆಯೇ ಹೆಂಡತಿಯ ಪಕ್ಕ ನಿಂತರು. ಈಗ ದಪ್ಪ ಕೆಲಸ ಅವರದು, ಸಣ್ಣ ಕೆಲಸ ಇವರದು.

ಕಿಚ್ಚು ಆರಿತೇ ಎಂದು ಚೆನ್ನಿಮಲೈಯನ್ನು ಕೇಳುತ್ತೇನೆ.

‘ಆರಿದೆ ಅಂದ್ರೆ ಸುಳ್ಳು, ಸಾರ್. ನನ್ನ ಬೆರಳು ಅವಳ ಕೈಗೆ ಹೋಗಿ ಕೂತ್ಕೊಂಡ ಹಾಗೆ ಅನ್ಸುತ್ತೆ. ದಿನಾ ನೋಡ್ತೀನಿ, ದಿನಾ ಉರಿಯುತ್ತೆ. ಆದ್ರೆ ಅವಳು ಒಂದು ದಿನ ಬರದೇ ಇದ್ರೆ ನೋಡೋಕೆ ಏನೂ ಇರಲ್ಲ.’

ಬಿಸಿಲು ಶೆಡ್ಡಿನ ಹೊಸ್ತಿಲು ದಾಟಿದೆ. ತವಮಣಿ ಸ್ವಿಚ್ಚು ಒತ್ತುತ್ತಾರೆ. ಆಚೆ ಬಾಗಿಲಲ್ಲಿ, ಈಚೆ ಬಾಗಿಲಲ್ಲಿ ಒಂದೇ ಸಲ ಸದ್ದು. ಇನ್ನೊಮ್ಮೆ ಒತ್ತಿ ತೆರೆಯುತ್ತಾರೆ. ಅವರು ಕೆಳಗಿಳಿದು ಕೈ ಒರೆಸಿಕೊಳ್ಳುವಾಗ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಷ್ಟು ಲಾರಿ ಹತ್ತಿ ಇಳಿದರೂ ಬೈಪಾಸಿನಾಚೆಗೆ ಒಂದರಲ್ಲೂ ಕೂತು ಹೋಗಿಲ್ಲವಂತೆ. ‘ಒಂದ್ಸಲ ತೂತುಕುಡಿ ಬಂದರಿನ ತನಕ ಹೋಗ್ಬೇಕು. ನಾನು ಹಾಕಿದ ಲಾಕು ಇರೋ ಲಾರೀಲಿ, ಎಡಗಡೆ ಸೀಟಲ್ಲಿ ಕೂತ್ಕೊಂಡು. ಸಮುದ್ರ ನೋಡಿ ವಾಪಸ್ ಬರೋದು, ಅಷ್ಟೇ.’

ಬೆಸುಗೆ ಕಡ್ಡಿಯ ಮೇಲಿಂದ ತಲೆ ಎತ್ತದೆ ಚೆನ್ನಿಮಲೈ ಹೇಳುತ್ತಾರೆ: ‘ಹೋಗು. ಮಧ್ಯದ ಸೀಟು ನಂದು.’